ಆರು ಡಬ್ಬಿ ಮಣ್ಣಿನೊಡನೆ ಹಾಲೆಂಡಿಗೆ

ಮುಂಬಯಿ ಬಂದರು

ಹೊರದೇಶಕ್ಕೆ ಹೋಗುವವರು ಉಪ್ಪಿನಕಾಯಿ ಒಯ್ಯುತ್ತಾರೆ, ಚಟ್ನಿಪುಡಿ ಒಯ್ಯುತ್ತಾರೆ, ದೇವರ ಪಟ ಒಯ್ಯುತ್ತಾರೆ. ನಾನು ಮಣ್ಣು ಒಯ್ದೆ. ಆರು ತಗಡಿನ ಡಬ್ಬಿ, ಒಂದೊಂದಕ್ಕೂ ಮೇಣದ ಮೊಹರು, ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ನಂಬರು. ಕಸ್ಟಮ್ಸ್ ಅಧಿಕಾರಿ ಅವುಗಳ ಸುತ್ತ ಎರಡು ಪ್ರದಕ್ಷಿಣೆ ಹಾಕಿದ.

"ಒಳಗೇನು?"

"ಮಣ್ಣು."

"ಮಣ್ಣಿನ ಒಳಗೇನು?"

"ಮಣ್ಣೇ."

ಅವನಿಗೆ ನಂಬಿಕೆ ಬರಲಿಲ್ಲ. ಚಿನ್ನವನ್ನು ಹೇಗೆಲ್ಲ ಬಚ್ಚಿಟ್ಟು ಸಾಗಿಸುತ್ತಾರೆಂದು ಅವನಿಗೆ ಗೊತ್ತಿತ್ತು. ಐದನೆಯ ಡಬ್ಬಿಯ ಮೊಹರು ಒಡೆದು ಉದ್ದನೆಯ ಕಂಬಿ ಚುಚ್ಚಿದ. ಕಂಬಿ ಎಲ್ಲಿಯೂ ತಡೆಯದೆ ತಳ ಮುಟ್ಟಿತು. ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ, "ಏನು ಸ್ವಾಮಿ, ಮುಖಕ್ಕೆ ಹಚ್ಚುವ ಪೌಡರಿನ ಹಾಗಿದೆಯಲ್ಲ!" ಎಂದು ನಕ್ಕ.

ನನಗೆ ಕೋಪ ಮೂಗಿನ ತುದಿಯಲ್ಲೇ. "ನಮ್ಮ ಮೈಸೂರಿನ ಮಣ್ಣೇ ಹಾಗೆ" ಎಂದು ಗದರಿ, ಮೊಹರು ಮತ್ತೆ ಹಾಕಿಸಿಕೊಂಡು ಹಡಗು ಹತ್ತಿದೆ. ಅವನ ಮಾತನ್ನು ಒಂದು ಗಳಿಗೆ ಯೋಚಿಸಿದ್ದರೆ ಈ ಕಥೆಯನ್ನೇ ಬರೆಯಬೇಕಾಗಿರಲಿಲ್ಲ.

ಹಡಗಿನಲ್ಲಿ

ನಾನು ಸರ್ಕಾರದ ಕೆರೆಕಟ್ಟೆಗಳ ಕೆಲಸದಲ್ಲಿದ್ದ ಎಂಜಿನಿಯರು. ಮೈಸೂರಿನಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ ದೂರದಲ್ಲಿ ನಾವೊಂದು ಹೊಸ ಕೆರೆಗೆ ಮಣ್ಣಿನ ಏರಿ ಕಟ್ಟಿದ್ದೆವು. ಏರಿಯ ಕೆಳಗೇ ನಲವತ್ತು ಮನೆಗಳ ಒಂದು ಹುಂಡಿ, ಪುಟ್ಟ ಹಳ್ಳಿ. ಏರಿಯ ಕೆಲಸ ಮಾಡಿಸುತ್ತಿದ್ದ ನಮ್ಮ ಚಿಕ್ಕಣ್ಣ ಮೇಸ್ತ್ರಿಯ ಮಗಳನ್ನು ಕೊಟ್ಟದ್ದೂ ಆ ಹುಂಡಿಗೇ. ಮಣ್ಣಿನ ಏರಿ ಎಂದರೆ ನೀರು ಅದರ ಒಳಗೂ ಅದರ ಬುಡದ ಕೆಳಗೂ ಸ್ವಲ್ಪ ಜಿನುಗಿಯೇ ಜಿನುಗುತ್ತದೆ. ಜಿನುಗಿದರೆ ತಪ್ಪಿಲ್ಲ. ಆದರೆ ಆಚೆ ಬದಿಯ ಬುಡದಲ್ಲಿ ನೀರು ಮೇಲಕ್ಕೆ ಒತ್ತುವ ಬಲ ಮಣ್ಣಿನ ತೂಕವನ್ನು ಮೀರಬಾರದು. ಮೀರಿದರೆ ಮಣ್ಣು ಕುದಿಯುವ ಗಂಜಿಯ ಹಾಗೆ ಉಕ್ಕಿ ಕೊಚ್ಚಿಹೋಗುತ್ತದೆ, ಅದರ ಹಿಂದೆಯೇ ಏರಿ.

ಈ ಬಲವನ್ನು ಲೆಕ್ಕ ಹಾಕುವ ಕ್ರಮ ಹೇಳಲು ಸುಲಭ, ಮಾಡಲು ಪ್ರಾಣಸಂಕಟ. ಏರಿಯನ್ನು ಅಡ್ಡಲಾಗಿ ಕೊಯ್ದಂತೆ ಚಿತ್ರ ಬರೆದು ಅದರ ತುಂಬ ರಂಗೋಲಿಯ ಹಾಗೆ ಚುಕ್ಕಿ ಇಡಬೇಕು. ಪ್ರತಿ ಚುಕ್ಕಿಯಲ್ಲೂ ನೀರಿನ ಒತ್ತಡ ಇಷ್ಟಿರಬಹುದೆಂದು ಒಂದು ಅಂಕಿ ಊಹಿಸಬೇಕು. ಮಣ್ಣು ಒಂದೇ ಬಗೆಯದಾದರೆ ಪ್ರತಿ ಚುಕ್ಕಿಯ ಅಂಕಿ ಅದರ ನಾಲ್ಕು ನೆರೆಯವರ ಸರಾಸರಿಗೆ ಸಮನಾಗಿರಬೇಕು. ಇರುವುದಿಲ್ಲ. ಅಳಿಸಿ ಸರಿಪಡಿಸಿದರೆ ಪಕ್ಕದ್ದು ಕೆಡುತ್ತದೆ. ಅದನ್ನು ಸರಿಪಡಿಸಿದರೆ ಮೊದಲನೆಯದು ಕೆಡುತ್ತದೆ. ಎಲ್ಲವೂ ಅಲುಗಾಡದೆ ಕೂರುವವರೆಗೆ ಬಿಡುವಂತಿಲ್ಲ. ಒಂಟಿಕೊಪ್ಪಲಿನ ನಮ್ಮ ಬಾಡಿಗೆ ಮನೆಯ ನೆಲದ ಮೇಲೆ ಈ ಹಾಳೆ ಹಾಸಿಕೊಂಡು ನಾನೂ ನನ್ನ ಹೆಂಡತಿ ಜಯಮ್ಮನೂ ಒಂದು ಚಳಿಗಾಲವಿಡೀ ಕೂತಿದ್ದೆವು. ಚುಕ್ಕಿ ಇಟ್ಟವಳು ಅವಳೇ, ನನಗಿಂತ ನೇರವಾಗಿ. ಕೂಡಿ ನಾಲ್ಕರಿಂದ ಭಾಗಿಸುವುದರಲ್ಲೂ ಅವಳೇ ಚುರುಕು.

ಆ ಹಾಳೆಯನ್ನು ನೋಡಿ ನಮ್ಮ ದೊಡ್ಡ ಎಂಜಿನಿಯರು ಹೇಳಿದ್ದರು: "ನಂಜೇಗೌಡ್ರೇ, ಚುಕ್ಕಿ ದೂರ ದೂರ ಇವೆ, ಮಣ್ಣಿನ ಪರೀಕ್ಷೆಯೂ ಆಗಿಲ್ಲ. ಏರಿ ತಡೆಯುತ್ತೋ ಇಲ್ವೋ ಅನ್ನೋ ಭಯ ಎಲ್ಲರಿಗೂ ಇದೆ. ನನಗೆ ನಿಮ್ಮ ಭಯ ಬೇಡ ಕಣ್ರೀ, ಸಂಖ್ಯೆ ಬೇಕು. ಮಳೆ ಹಿಡಿಯೋದ್ರೊಳಗೆ ಬೇಕು. ನೀವು ಹೂಂ ಅಂದ್ರೆ ತೂಬು ಮುಚ್ಚಿ ಕೆರೆ ತುಂಬಿಸ್ತೀನಿ." ಹೀಗೆ ಮೂರು ತಿಂಗಳ ತರಬೇತಿಯ ಹೆಸರಿನಲ್ಲಿ ನಾನು ಹಾಲೆಂಡಿಗೆ ಹೊರಟೆ. ಅಲ್ಲಿ ಮಣ್ಣನ್ನು ಪರೀಕ್ಷಿಸುವ ಗಾಜಿನ ಕೊಳವೆಗಳಿದ್ದವು, ಲೆಕ್ಕ ಮಾಡುವ ವಿದ್ಯುತ್ ಯಂತ್ರವಿತ್ತು. ಆರು ಡಬ್ಬಿಗಳಲ್ಲಿ ಮೂರು ಏರಿಯ ಒಡಲಿನ ಮಣ್ಣು, ಮೂರು ಏರಿಯ ಬುಡದ ಕೆಳಗಿನ ಮಣ್ಣು, ಎಲ್ಲ ಚಿಕ್ಕಣ್ಣನೇ ಅಗೆದು ತುಂಬಿಕೊಟ್ಟದ್ದು. ಅಲೆ ಎದ್ದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡರೆ ನಾನು ಡಬ್ಬಿ ಹಿಡಿದುಕೊಳ್ಳುತ್ತಿದ್ದೆ.

ಫಿಸ್ಸರಮ್ಮನ ಮನೆ

ನಾನು ಬಾಡಿಗೆಗಿದ್ದ ಮನೆಯ ಒಡತಿ ಶ್ರೀಮತಿ ಫಿಸ್ಸರ್, ಅರವತ್ತರ ಹತ್ತಿರದ ವಿಧವೆ. ಮನಸ್ಸಿನಲ್ಲೇ ಅವರನ್ನು ಫಿಸ್ಸರಮ್ಮ ಎಂದು ಕರೆದುಕೊಂಡೆ, ಆಗ ಊರು ಸ್ವಲ್ಪ ನಮ್ಮದಾಯಿತು. ಬೀದಿಯ ಮಟ್ಟಕ್ಕಿಂತ ಕಾಲುವೆಯ ನೀರು ಮೇಲಿರುವ ಊರು ಅದು. ಮನೆಯಿಂದ ಹೊರಟು ತಲೆಯೆತ್ತಿದರೆ ದೋಣಿ ಕಾಣುತ್ತಿತ್ತು. ಕೆರೆಯ ಕೆಳಗಿನ ಹುಂಡಿಯಲ್ಲಿ ಬದುಕುವುದೆಂದರೆ ಏನೆಂದು ನನಗೆ ತಿಳಿದದ್ದು ಅಲ್ಲಿ.

ಅಲ್ಲಿಯವರು ಬ್ರೆಡ್ಡಿನ ಮೇಲೆ ಚಾಕೊಲೇಟಿನ ಕಾಳು ಉದುರಿಸಿಕೊಂಡು, ಚಾಕು ಫೋರ್ಕು ಹಿಡಿದು ಗಂಭೀರವಾಗಿ ತಿನ್ನುತ್ತಾರೆ. ಮಕ್ಕಳಲ್ಲ, ಮೀಸೆ ಹೊತ್ತ ಗಂಡಸರು. ಮುದ್ದೆ ನುಂಗಿ ಬೆಳೆದ ನನಗೆ ಅದು ಊಟವೆಂದು ಒಪ್ಪಿಕೊಳ್ಳಲು ಮೂರು ವಾರ ಬೇಕಾಯಿತು. ಬೀದಿಯ ಕಡೆಯ ಕಿಟಕಿಗೆ ಪರದೆ ಎಳೆಯುವುದಿಲ್ಲ. ದಾರಿಹೋಕರು ನಮ್ಮ ತಟ್ಟೆಯನ್ನು ನೋಡಿಕೊಂಡೇ ಹೋಗಬಹುದು. ಮುಚ್ಚಿಡುವಂಥದ್ದು ನಮ್ಮಲ್ಲೇನೂ ಇಲ್ಲ ಎಂದು ಅದರ ಅರ್ಥವಂತೆ. ನಮ್ಮಲ್ಲಾದರೆ ದೃಷ್ಟಿ ಆಗುತ್ತದೆ ಎನ್ನುತ್ತೇವೆ.

ಫಿಸ್ಸರಮ್ಮನಿಗೆ ಒಂದೇ ಕಟ್ಟುನಿಟ್ಟು. ಭಾನುವಾರ ಆ ಮನೆಯಲ್ಲಿ ಯಾರೂ ಕೆಲಸ ಮಾಡುವಂತಿಲ್ಲ. ಬಟ್ಟೆ ಒಗೆಯುವಂತಿಲ್ಲ, ಸೂಜಿ ಹಿಡಿಯುವಂತಿಲ್ಲ, ಲೇಖನಿಯನ್ನೂ ಮುಟ್ಟುವಂತಿಲ್ಲ. ಮೊದಲ ಭಾನುವಾರ ನಾನು ಕಾಲರು ಒಗೆದು ಒಣಹಾಕಿದ್ದಕ್ಕೆ ಅವರು ಎರಡು ದಿನ ಮಾತಾಡಲಿಲ್ಲ.

ಪ್ರಯೋಗಶಾಲೆ

ಮಣ್ಣಿನ ಪರೀಕ್ಷೆ ಮಾಡುವವರು ಕೋರ್ನೆಲಿಸ್ ಎಂಬ ಮುದುಕರು. ಮಾತು ಕಡಿಮೆ. ಡಬ್ಬಿ ಬಿಚ್ಚಿದಾಗ ಮಾತ್ರ ಹುಬ್ಬೇರಿಸಿದರು. "ಮೂವತ್ತು ವರ್ಷದಿಂದ ಮಣ್ಣು ನೋಡುತ್ತಿದ್ದೇನೆ. ಇಷ್ಟು ಶುದ್ಧವಾದದ್ದನ್ನು ನೆಲದಿಂದ ಅಗೆದು ತಂದದ್ದು ನೋಡಿಲ್ಲ. ಒಂದು ಕಲ್ಲಿಲ್ಲ, ಒಂದು ಬೇರಿಲ್ಲ."

ಅವರು ಹೇಳಿದ್ದು ಅನುಮಾನ. ನಾನು ಕೇಳಿಸಿಕೊಂಡದ್ದು ಹೊಗಳಿಕೆ. ಎದೆ ಉಬ್ಬಿಸಿ, "ನಮ್ಮ ಮೈಸೂರಿನ ಮಣ್ಣೇ ಹಾಗೆ" ಎಂದೆ. ಎರಡನೆಯ ಸಲ.

ಗಾಜಿನ ಕೊಳವೆಯಲ್ಲಿ ಮಣ್ಣು ತುಂಬಿ ಮೇಲೆ ನೀರು ನಿಲ್ಲಿಸಿದರು. ನೀರು ಇಳಿಯಲೊಲ್ಲದು. ಏರಿಯ ಮಣ್ಣೂ ಹಾಗೆ, ಬುಡದ ಕೆಳಗಿನ ಮಣ್ಣೂ ಹಾಗೆ. ಎರಡೂ ಒಂದೇ ಬಗೆ ಎಂದಾದ ಮೇಲೆ ಲೆಕ್ಕ ಸಲೀಸು. ಯಂತ್ರಕ್ಕೆ ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಅಂಕಿಗಳನ್ನು ಉಣಿಸಬೇಕು. ನಾವು ಗಂಡ ಹೆಂಡಿರು ಒಂದು ಚಳಿಗಾಲ ಉಜ್ಜಿದ್ದನ್ನು, ಅದೂ ಹತ್ತು ಪಟ್ಟು ಒತ್ತಾದ ಚುಕ್ಕಿಗಳಲ್ಲಿ, ಆ ಯಂತ್ರ ಮಧ್ಯಾಹ್ನದ ಊಟದೊಳಗೆ ಮುಗಿಸಿತು. ಬುಡದಲ್ಲಿನ ಒತ್ತಡ ಮಣ್ಣಿನ ತೂಕದ ಕಾಲು ಭಾಗವೂ ಇರಲಿಲ್ಲ. ಕಾಗದವನ್ನು ಕಣ್ಣಿಗೊತ್ತಿಕೊಂಡೆ. ಅಂದೇ ತಂತಿ ಕೊಟ್ಟೆ: ಏರಿ ಭದ್ರ, ತುಂಬಿಸಬಹುದು.

ಶನಿವಾರ

ಹತ್ತು ದಿನದ ಮೇಲೆ, ಒಂದು ಶನಿವಾರ ಬೆಳಗ್ಗೆ ಜಯಮ್ಮನ ಕಾಗದ ಬಂತು. ತೂಬು ಮುಚ್ಚಿದ ದಿನ ಪೂಜೆ ಮಾಡಿ ತೆಂಗಿನಕಾಯಿ ಒಡೆದರಂತೆ. ಮಳೆ ಈ ಸಲ ಬೇಗ ಹಿಡಿಯುವ ಹಾಗಿದೆಯಂತೆ. ಕೊನೆಯಲ್ಲಿ ಹೀಗೆ ಬರೆದಿದ್ದಳು:

"ಚಿಕ್ಕಣ್ಣ ಮೇಸ್ತ್ರಿ ಪೂಜೆಯ ಪ್ರಸಾದ ಕೊಡಲು ಬಂದಿದ್ದ. ನಿಮ್ಮ ಲೆಕ್ಕ ಚೆನ್ನಾಗಿ ಬಂತೆಂದು ಅವನಿಗೆ ಹಿಡಿಸಲಾರದ ಸಂತೋಷ. ಅವನು ಅಂದದ್ದನ್ನು ಹಾಗೇ ಬರೆಯುತ್ತೇನೆ. 'ಬರ್ದೆ ಏನ್ಮಾಡ್ತದೆ ಅಮ್ಮಾವ್ರೇ? ನಮ್ ಮಣ್ಣು ಅಷ್ಟ್ ದೂರ ಓಯ್ತದೆ ಅಂದ್ರೆ ಕಲ್ಲು ಕಸ ಬುಟ್ಟು ಕಳ್ಸಕಾಯ್ತದಾ? ಮರ್ವಾದೆ ಪ್ರಶ್ನೆ ಕಣ್ರವ್ವ. ಮೂರು ದಪ ಜರಡಿ ಇಡ್ದು, ಕೈಯಲ್ಲಿ ಆರ್ಸಿ ತುಂಬ್ಬುಟ್ಟೆ.' ಇದನ್ನು ಕೇಳಿದಾಗಿನಿಂದ ನನಗೇಕೋ ಸಮಾಧಾನವಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗಲ್ಲವಲ್ಲ ಇದು? ನಿಮಗೆ ಗೊತ್ತಿರುವ ವಿಷಯವೇ ಇರಬಹುದು."

ನನಗೆ ಗೊತ್ತಿರಲಿಲ್ಲ. ಆ ಸಾಲುಗಳನ್ನು ಮತ್ತೆ ಓದಿದೆ.

ಚಿಕ್ಕಣ್ಣ ಕುಂಬಾರಕೊಪ್ಪಲಿನವನು. ಅವನ ಅಪ್ಪ, ಅಜ್ಜ ಎಲ್ಲ ತಿಗರಿ ತಿರುಗಿಸಿದವರು. ಕಲ್ಲು ಉಳಿದ ಮಣ್ಣಿನ ಮಡಕೆ ಆವಗೆಯಲ್ಲಿ ಬಿರುಕು ಬಿಡುತ್ತದೆಂದು ಹುಟ್ಟಿದಾಗಿನಿಂದ ಕಂಡ ಕೈ ಅದು. ಒಳ್ಳೆಯ ಮಣ್ಣು ಎಂದರೆ ಕಲ್ಲಿಲ್ಲದ ಮಣ್ಣು. 'ಒಳ್ಳೆ ಮಣ್ಣು ನೋಡಿ ತುಂಬು ಚಿಕ್ಕಣ್ಣ' ಎಂದು ನಾನೇ ಹೇಳಿದ್ದೆ. ಅವನು ಮಣ್ಣು ತೆಗೆದ ದಿನ ನಾನು ಜೊತೆಯಲ್ಲಿ ನಿಲ್ಲಬೇಕಿತ್ತು. ಅಂದು ನಾನು ಸಯ್ಯಾಜಿರಾವ್ ರಸ್ತೆಯ ದರ್ಜಿಯ ಮುಂದೆ ಕೈ ಚಾಚಿ ನಿಂತು ವಿಲಾಯಿತಿ ಕೋಟಿಗೆ ಅಳತೆ ಕೊಡುತ್ತಿದ್ದೆ.

ಗಾಜಿನ ಕೊಳವೆಯಲ್ಲಿ ನಾವು ಪರೀಕ್ಷಿಸಿದ್ದು ಜರಡಿ ಹಿಡಿದ ಮಣ್ಣು, ಏರಿಯ ಮಣ್ಣಲ್ಲ. ಏರಿಯ ಬುಡದ ಕೆಳಗೆ ಗರಸಿನ, ಅಂದರೆ ಕಲ್ಲು ಬೆರೆತ ಮಣ್ಣಿನ, ಪದರವಿದ್ದರೆ ನೀರು ಅಲ್ಲಿ ಜಿನುಗುವುದಿಲ್ಲ, ಓಡುತ್ತದೆ. ಓಡಿದ ನೀರು ತಲೆಯೆತ್ತುವುದು ಹುಂಡಿಯ ಹಿತ್ತಲಲ್ಲಿ. ಜಯಮ್ಮನ ಕಾಗದ ದಾರಿಯಲ್ಲೇ ಎಂಟು ದಿನ ಕಳೆದಿತ್ತು, ತೂಬು ಅದಕ್ಕೂ ಮೊದಲೇ ಮುಚ್ಚಿತ್ತು.

ತಂತಿ ಕಚೇರಿ ಶನಿವಾರ ಮಧ್ಯಾಹ್ನಕ್ಕೆ ಬಾಗಿಲು ಹಾಕುತ್ತದೆಂದು ಫಿಸ್ಸರಮ್ಮ ಹೇಳಿದರು. ಇನ್ನು ಇಪ್ಪತ್ತು ನಿಮಿಷವಿತ್ತು. ಅವರ ಸೈಕಲ್ಲು ಹತ್ತಿದೆ. ಆ ದೇಶದ ಸೈಕಲ್ಲಿಗೆ ಕೈಬ್ರೇಕಿಲ್ಲ, ನಿಲ್ಲಿಸಬೇಕಾದರೆ ಪೆಡಲನ್ನು ಹಿಂದಕ್ಕೆ ತುಳಿಯಬೇಕು. ಸೇತುವೆಯ ಇಳಿಜಾರಿನಲ್ಲಿ ನನ್ನ ಬೆರಳು ಇಲ್ಲದ ಬ್ರೇಕನ್ನು ಹುಡುಕುತ್ತಿತ್ತು. ಹೂವಿನ ಕುಂಡಗಳ ಸಾಲಿಗೆ ನುಗ್ಗಿ ಬಿದ್ದೆ. ಅಂಗಡಿಯಾಕೆ ಕೂಗಿಕೊಂಡಳು. ಕ್ಷಮೆ ಕೇಳಲೂ ನಿಲ್ಲದೆ, ಮಂಡಿಯಲ್ಲಿ ರಕ್ತ ಸುರಿಸಿಕೊಂಡು, ಸೈಕಲ್ಲನ್ನು ಅಲ್ಲೇ ಬಿಟ್ಟು ಓಡಿದೆ.

ಗುಮಾಸ್ತ ಕಿಟಕಿಯ ಬಾಗಿಲು ಎಳೆಯುತ್ತಿದ್ದ. ನನ್ನ ಮಂಡಿ ನೋಡಿ ಮತ್ತೆ ತೆರೆದ. ಎರಡು ತಂತಿ ಬರೆದೆ. ದೊಡ್ಡ ಎಂಜಿನಿಯರಿಗೆ: ಮಣ್ಣಿನ ಮಾದರಿ ತಪ್ಪು, ನನ್ನ ಲೆಕ್ಕ ತಪ್ಪು, ತೂಬು ಕೂಡಲೇ ತೆರೆಯಿರಿ. ಜಯಮ್ಮನಿಗೆ: ಜರಡಿಯಲ್ಲಿ ಎಷ್ಟು ಕಲ್ಲು ಉಳಿಯಿತು, ಮೇಸ್ತ್ರಿಯನ್ನು ಕೇಳು.

ಭಾನುವಾರ

ಬೆಳಗಾದಾಗ ಒಂದು ಮಾತು ನನ್ನನ್ನು ಕೊರೆಯತೊಡಗಿತ್ತು. 'ಭಯ ಬೇಡ, ಸಂಖ್ಯೆ ಬೇಕು.' ನಾನು ಕಳಿಸಿದ್ದು ಬರೀ ಭಯ. ಹತ್ತು ದಿನದ ಹಿಂದೆ ಹೂಂ ಎಂದವನು ಈಗ ಉಹೂಂ ಎಂದರೆ ಯಾರು ಕೇಳುತ್ತಾರೆ? ಯಂತ್ರದ ಕಟ್ಟಡಕ್ಕೆ ಸೋಮವಾರದವರೆಗೆ ಬೀಗ. ಕೈಯಲ್ಲೇ ಮಾಡಬೇಕು. ಜಯಮ್ಮ ಚುಕ್ಕಿ ಇಟ್ಟ ಹಳೆಯ ಹಾಳೆ ಪೆಟ್ಟಿಗೆಯಲ್ಲಿತ್ತು. ಆದರೆ ನನ್ನ ಕೋಣೆಯಲ್ಲಿ ಅದನ್ನು ಬಿಡಿಸುವಷ್ಟು ಜಾಗವಿರಲಿಲ್ಲ. ಅಷ್ಟು ದೊಡ್ಡದು ಒಂದೇ, ಕೆಳಗಿನ ಊಟದ ಮೇಜು.

ಫಿಸ್ಸರಮ್ಮ ಚರ್ಚಿನಿಂದ ಬಂದು ಕಪ್ಪು ಕೋಟು ಬಿಚ್ಚುತ್ತಿದ್ದರು. ಹಾಳೆ ಹಿಡಿದು ಎದುರು ನಿಂತೆ. ವಿಷಯವನ್ನೆಲ್ಲ ಹೇಳಿದೆ. ಅವರು ಕೋಟನ್ನು ಮೊಳೆಗೆ ತಗುಲಿಸಿದರು.

"ಕೆಳಗೆ ಎಷ್ಟು ಮನೆ?" ಎಂದರು.

"ನಲವತ್ತು."

"ಕೆಲವು ವರ್ಷದ ಹಿಂದೆ ಸಮುದ್ರದ ದಂಡೆ ಒಡೆದಾಗ ನನ್ನ ತಂಗಿ ಹೋದಳು. ಅದೂ ಭಾನುವಾರವೇ. ನೀರು ವಾರ ನೋಡಿಕೊಂಡು ಬರಲಿಲ್ಲ."

ಮೇಜಿನ ಮೇಲಿದ್ದ ಹೂದಾನಿ ಎತ್ತಿದರು, ಬಟ್ಟೆ ಮಡಿಸಿದರು. ನೆರೆಯವರು ಕಿಟಕಿಯಲ್ಲಿ ನೋಡಿಕೊಂಡು ಹೋಗುತ್ತಿದ್ದರು. ಪರದೆ ಎಳೆಯಲೇ ಎಂದು ಕೇಳಿದೆ. "ಬೇಡ, ನೋಡಲಿ" ಎಂದು ರಬ್ಬರು ಕೈಗೆ ತೆಗೆದುಕೊಂಡು ಎದುರಿನ ಕುರ್ಚಿಯಲ್ಲಿ ಕೂತರು.

ಬುಡದ ಕೆಳಗೆ ಗರಸಿನ ಪದರವಿದೆ, ಅದರಲ್ಲಿ ನೀರು ಬರೀ ಹತ್ತು ಪಟ್ಟು ವೇಗವಾಗಿ ಹರಿಯುತ್ತದೆ ಎಂದಿಟ್ಟುಕೊಂಡು ಶುರುಮಾಡಿದೆ. ಈಗ ನಾಲ್ಕು ನೆರೆಯವರು ಸಮಾನರಲ್ಲ. ಎರಡು ಮಣ್ಣು ಕೂಡುವ ಕಡೆ ಗರಸಿನ ಬದಿಯವನ ಮಾತಿಗೆ ಹತ್ತರಷ್ಟು ತೂಕ. ನಾನು ಅಂಕಿ ಹೇಳುತ್ತಿದ್ದೆ, ಅವರು ಡಚ್ಚಿನಲ್ಲಿ ಗುನುಗುತ್ತ ಕೂಡಿ ಭಾಗಿಸುತ್ತಿದ್ದರು, ಅಳಿಸುತ್ತಿದ್ದರು, ನಾನು ಬರೆಯುತ್ತಿದ್ದೆ. ಒಂದು ಸುತ್ತು, ಎರಡು ಸುತ್ತು, ಹತ್ತು ಸುತ್ತು. ಬುಡದ ಹತ್ತಿರದ ಚುಕ್ಕಿಗಳು ಪ್ರತಿ ಸುತ್ತಿಗೂ ಏರುತ್ತಲೇ ಹೋದವು. ನಿಲ್ಲಲಿ, ನಿಲ್ಲಲಿ ಎಂದು ಬೇಡಿಕೊಂಡೆ. ಬಿಸಿಲು ಮೇಜಿನ ಆ ತುದಿಯಿಂದ ಈ ತುದಿಗೆ ಬಂತು. ಮಧ್ಯೆ ಒಮ್ಮೆ ಅವರು ಬ್ರೆಡ್ಡು ತಂದಿಟ್ಟರು. ಮೇಲಿನ ಚಾಕೊಲೇಟಿನ ಕಾಳು ಹಾಳೆಯ ಮೇಲೆ ಉದುರಿ ಚುಕ್ಕಿ ಯಾವುದು, ಕಾಳು ಯಾವುದು ತಿಳಿಯದೆ ಇಬ್ಬರೂ ಗಾಬರಿಯಾದೆವು.

ಸಂಜೆಯ ಹೊತ್ತಿಗೆ ಅಂಕಿಗಳು ಕೂತವು. ಕೆರೆ ತುಂಬಿದರೆ ಬುಡದಲ್ಲಿ ನೀರಿನ ಒತ್ತಡ ಮಣ್ಣಿನ ತೂಕದ ಒಂದೂಕಾಲು ಪಟ್ಟು. ಏರಿ ನಿಲ್ಲುವುದಿಲ್ಲ. ಫಿಸ್ಸರಮ್ಮ ಆ ಅಂಕಿಯನ್ನು ನೋಡಿ, ಮೇಜಿನ ಮೇಲಿನ ರಬ್ಬರಿನ ಪುಡಿಯನ್ನು ಅಂಗೈಗೆ ಬಳಿದುಕೊಂಡು ಒಳಗೆ ಹೋದರು.

ಬುಧವಾರದವರೆಗೆ

ಸೋಮವಾರ ತಂತಿ ಕಚೇರಿ ತೆರೆಯುವ ಮುಂಚೆಯೇ ಬಾಗಿಲಲ್ಲಿದ್ದೆ. ಸಂಖ್ಯೆಯನ್ನು ಕಳಿಸಿದೆ. ಕೋರ್ನೆಲಿಸರ ಬಳಿ ಹೋಗಿ ತಪ್ಪು ಒಪ್ಪಿಕೊಂಡೆ. ಬೈಯುತ್ತಾರೆಂದುಕೊಂಡಿದ್ದೆ. "ನಾನೂ ಇನ್ನೊಂದು ಸಲ ಕೇಳಬೇಕಿತ್ತು" ಎಂದಷ್ಟೇ ಹೇಳಿ ಯಂತ್ರದವರಿಗೆ ಚೀಟಿ ಬರೆದುಕೊಟ್ಟರು. ಯಂತ್ರವೂ ನಮ್ಮ ಮೇಜಿನ ಅಂಕಿಯ ಅಕ್ಕಪಕ್ಕವೇ ಹೇಳಿತು. ಮನಸ್ಸಿನ ಮೂಲೆಯಲ್ಲಿ, ಅದು ತಪ್ಪೆನ್ನಲಿ ಎಂಬ ಆಸೆಯಿತ್ತು.

ಉತ್ತರವಿಲ್ಲ. ಮಂಗಳವಾರವೂ ಇಲ್ಲ. ಆ ಊರಿನಲ್ಲಿ ಮಳೆ ಬರುತ್ತಿತ್ತು, ನಮ್ಮಲ್ಲೂ ಬರುತ್ತಿದೆಯೋ ಎಂದು ಗಳಿಗೆಗೊಮ್ಮೆ ಕಿಟಕಿಗೆ ಹೋಗುತ್ತಿದ್ದೆ. ಕೊಡೆ ಹಿಡಿದು ಶಿಳ್ಳೆ ಹಾಕುತ್ತ ಹೋಗುವವರನ್ನು ಕಂಡರೆ ಮೈ ಉರಿಯುತ್ತಿತ್ತು. ಬುಧವಾರ ಮಧ್ಯಾಹ್ನ ಫಿಸ್ಸರಮ್ಮ ಪ್ರಯೋಗಶಾಲೆಯ ಬಾಗಿಲಿಗೇ ಓಡಿ ಬಂದರು, ಕೈಯಲ್ಲಿ ತಂತಿ. ಅವರೇ ಒಡೆದು ನನ್ನ ಮುಂದೆ ಹಿಡಿದರು.

ಮೂರರಲ್ಲಿ ಒಂದು ಪಾಲು ಕಲ್ಲು. ತೂಬು ತೆರೆದಿದ್ದಾರೆ. ಜಯಮ್ಮ.

ಜನರೆದುರು ಅಳಬಾರದೆಂದು ನಮ್ಮ ಕಡೆಯ ಗಂಡಸರಿಗೆ ಹೇಳಿಕೊಟ್ಟಿರುತ್ತಾರೆ. ನಾನು ಅತ್ತೆ.

ಮೈಸೂರು

ಮಿಕ್ಕದ್ದನ್ನು ಕೇಳಿದ್ದು ಊರಿಗೆ ಬಂದ ಮೇಲೆ. ನನ್ನ ಶನಿವಾರದ ತಂತಿಯನ್ನು ದೊಡ್ಡ ಎಂಜಿನಿಯರು ಓದಿ, ದೂರದಲ್ಲಿ ಕೂತು ಹೆದರಿಕೊಂಡಿದ್ದಾನೆ ಎಂದು ಮಡಿಸಿ ಡ್ರಾಯರಿಗೆ ಹಾಕಿದ್ದರು. ಜಯಮ್ಮ ಭಾನುವಾರ ಬೆಳಗ್ಗೆಯೇ ಕುಂಬಾರಕೊಪ್ಪಲಿಗೆ ನಡೆದು ಹೋಗಿ ಚಿಕ್ಕಣ್ಣನ ಮನೆಯ ಜಗಲಿಯಲ್ಲಿ ನಿಂತು ಜರಡಿಯ ವಿಷಯ ಕೇಳಿದ್ದಳು. ಅವನು ಇನ್ನೂ ಹೆಮ್ಮೆಯಲ್ಲೇ ಹೇಳಲು ಹೊರಟನಂತೆ. ಅರ್ಧದಲ್ಲಿ ಅವಳ ಮುಖ ನೋಡಿ ನಿಲ್ಲಿಸಿದ.

"ಯಾಕ್ರವ್ವಾ? ತೆಪ್ಪಾಯ್ತಾ?"

ಅವಳು ತಿಳಿಸಿ ಹೇಳಿದಳು. ಅವನು ಟವಲನ್ನು ಹೆಗಲಿಗೆ ಹಾಕಿಕೊಂಡು ಹೊರಟು ನಿಂತ. "ನನ್ ಮಗಳ ಮನೆ ಅದ್ರ ಬುಡದಾಗೇ ಅದೆ ಕಣ್ರವ್ವ" ಎಂದ.

ಇಬ್ಬರೂ ಬಸ್ಸು ಹಿಡಿದು ಏರಿಗೆ ಹೋದರು. ಕೆರೆಯಲ್ಲಿ ಆಗಲೇ ಆಳೆತ್ತರ ನೀರು. ಏರಿಯ ಕೆಳಗೆ, ಚಿಕ್ಕಣ್ಣನ ಮಗಳು ಎಮ್ಮೆ ಕಟ್ಟುವ ಗೂಟದ ಬಳಿ ಒಂದು ಮೊರದಗಲ ನೆಲ ಒದ್ದೆಯಾಗಿತ್ತು. ಅಲ್ಲಿ ಜಿನುಗುತ್ತಿದ್ದುದು ತಿಳಿನೀರಲ್ಲ, ಕದಡಿದ ನೀರು; ಒಳಗಿನ ಮಣ್ಣು ಆಗಲೇ ಕೊಚ್ಚಿ ಬರುತ್ತಿತ್ತು. ಜರಡಿಯಿಂದ ಚೆಲ್ಲಿದ ಕಲ್ಲು, ಮಾದರಿಗೆ ಮಣ್ಣು ಅಗೆದ ಗುಂಡಿಯ ಪಕ್ಕದಲ್ಲೇ ಗುಡ್ಡೆಯಾಗಿ ಬಿದ್ದಿತ್ತು. ಅದನ್ನು ಬುಟ್ಟಿಗೆ ತುಂಬಿಕೊಂಡರು. ಸೋಮವಾರ ಕಚೇರಿ ತೆರೆಯುತ್ತಲೇ, ಜವಾನ ತಡೆದರೂ ಕೇಳದೆ, ಜಯಮ್ಮ ಒಳಗೆ ನುಗ್ಗಿ ದೊಡ್ಡ ಎಂಜಿನಿಯರ ಮೇಜಿನ ಮೇಲೆ, ಫೈಲುಗಳ ಮೇಲೆಯೇ, ಬುಟ್ಟಿ ಮಗುಚಿದಳಂತೆ.

"ಸಂಖ್ಯೆ ಬೇಕು ಅಂದಿದ್ರಂತಲ್ಲ ಸಾರ್. ಮೂರು ಬುಟ್ಟಿ ಅಗೆದ್ರೆ ಒಂದು ಬುಟ್ಟಿ ಇದು. ಎಣಿಸ್ಕೊಳ್ಳಿ."

ನನ್ನ ಒಂದೂಕಾಲು ಪಟ್ಟಿನ ತಂತಿ ಅವರ ಕೈ ಸೇರಿದ್ದು ಅದೇ ಮಧ್ಯಾಹ್ನ. ಅಷ್ಟರಲ್ಲಿ ಅವರ ಜೀಪು ಏರಿಯ ದಾರಿಯಲ್ಲಿತ್ತು. ಎಮ್ಮೆಯ ಗೂಟದ ಬಳಿ ಬಗ್ಗಿ ಆ ನೀರನ್ನು ಬೊಗಸೆಗೆ ತೆಗೆದುಕೊಂಡು ನೋಡಿದರಂತೆ. ಆಮೇಲೆ ತೂಬಿನ ಕಡೆಗೆ ತಾವೇ ಓಡಿದರಂತೆ, ಆ ವಯಸ್ಸಿನಲ್ಲಿ. ತೂಬು ತೆರೆದ ಸುದ್ದಿ ತಿಳಿದು ಜಯಮ್ಮ ನನಗೆ ತಂತಿ ಕೊಟ್ಟದ್ದು ಮಂಗಳವಾರ ಸಂಜೆ.

ಆ ವರ್ಷ ಕೆರೆ ತುಂಬಲಿಲ್ಲ. ಬೇಸಗೆಯಲ್ಲಿ ಏರಿಯ ಬುಡ ಸೀಳಿ, ಗರಸನ್ನು ತೆಗೆದು, ಜೇಡಿಮಣ್ಣಿನ ಗೋಡೆ ಇಳಿಸುವುದೆಂದು ನಿರ್ಧಾರವಾಯಿತು. ಅದಕ್ಕೆ ಹೊಸ ಮಾದರಿ ಬೇಕಿತ್ತು. ಚಿಕ್ಕಣ್ಣನಿಗೆ ಬೈಯಬೇಕೆಂದು ಹಡಗಿನಲ್ಲಿ ಎಷ್ಟೋ ಮಾತು ಜೋಡಿಸಿಕೊಂಡಿದ್ದೆ. ಅವನ ಎದುರು ನಿಂತಾಗ, ನಾನು ಎರಡು ಸಲ ಎದೆ ಉಬ್ಬಿಸಿ ಆಡಿದ ಮಾತು ನೆನಪಾಯಿತು. ಇಬ್ಬರೂ ಗುಂಡಿಗೆ ಇಳಿದೆವು. ವಿಲಾಯಿತಿ ಕೋಟನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ.

ಅವನು ಅಗೆದು ಬೊಗಸೆ ಬೊಗಸೆಯಾಗಿ ಡಬ್ಬಿಗೆ ತುಂಬುತ್ತಿದ್ದ. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ಅವನ ಬೆರಳು ತಾನಾಗಿ ಒಂದು ಹುಣಸೆಬೀಜದಷ್ಟು ಕಲ್ಲನ್ನು ಹೆಕ್ಕಿ ಹೊರಗೆ ಎಸೆಯಿತು. ಎಸೆದ ಮೇಲೆ ಅವನಿಗೆ ಗೊತ್ತಾಯಿತು. ನನ್ನ ಮುಖ ನೋಡಿದ. ಎದ್ದು ಗುಂಡಿಯಿಂದ ಮೇಲೆ ಹತ್ತಿ, ಹುಲ್ಲಿನಲ್ಲಿ ಮಂಡಿಯೂರಿ ಬಹಳ ಹೊತ್ತು ತಡಕಾಡಿ ಅದೇ ಕಲ್ಲನ್ನು ಹುಡುಕಿ ತಂದು, ಅದಕ್ಕೆ ಅಂಟಿದ್ದ ಹುಲ್ಲಿನೆಸಳನ್ನು ಬಿಡಿಸಿ, ಡಬ್ಬಿಯೊಳಗೆ ಇಟ್ಟ.